ಜನವರಿ ಒಂದು, ಎರಡು ಸಾವಿರದ ಒಂಬತ್ತು

ಶಿಡ್ಲಘಟ್ಟದಲ್ಲಿ ಗೂಡಿನ ಹರಾಜು ಮುಗಿದು
ಮಾರುಕಟ್ಟೆ ಗಂಟಲು ಸರಿಮಾಡಿಕೊಳ್ಳುವ ಹೊತ್ತು
ಗಂಗುಲಪ್ಪ ಬಂದರು, ಕಂಕುಳಲ್ಲಿ ಸಿಪಿಯು,
ಮೇಲೆ ಹೊದಿಸಿದ ಟವೆಲ್ಲು,
ಜ್ವರದ ಮಗುವನ್ನು ತರುವ ಹಾಗಲ್ಲ,
ಕದ್ದ ಕೋಳಿಯನ್ನು ತರುವ ಹಾಗೆ.

"ಶಬ್ರೀನಮ್ಮಾ, ಚಿಂತಾಮಣಿಯವನು ಹೇಳ್ದ,
ಡಿಸ್ಕು ಹೋಯ್ತಂತೆ, ಫಾರ್ಮ್ಯಾಟು ಮಾಡ್ಬೇಕಂತೆ.
ಹದಿಮೂರು ವರ್ಷದ ಲೆಕ್ಕ ಐತೆ ಅದರಾಗೆ.
ಯಾರ ನೂಲು ಹುರಿಗೆ ಬಂತು, ಯಾರ ಕೂಲಿ ನಿಂತೈತೆ,
ಬಾಬಾಜಾನು ಕೊಡಬೇಕಾದ ಹನ್ನೊಂದು ಸಾವಿರ.
ಅವನು ಕೊಡಲ್ಲ, ನಂಗೊತ್ತು.
ಆದ್ರೂ ಬರೆದಿರಬೇಕಲ್ಲಮ್ಮಾ, ಎಲ್ಲಾದ್ರೂ."

ವೈರು ಚುಚ್ಚಿದೆ. ಫ್ಯಾನು ತಿರುಗಿತು.
ವಿಂಡೋಸಿನ ನಾಲ್ಕು ಬಣ್ಣ ಮೂಡಿದವು, ಕೂಡುವ ಮೊದಲೇ
ನೀಲಿ ಪರದೆ. ಮತ್ತೆ ಮೊದಲಿಂದ.
ಮತ್ತೆ ನೀಲಿ.

ಡಿಸ್ಕಿಗೆ ಕಿವಿಯಿಟ್ಟೆ.
ಸಾಯುವ ಡಿಸ್ಕು ಹಲ್ಲಿಯಂತೆ ಲೊಚಗುಟ್ಟುತ್ತದೆ;
ಇದು ಒಂದೇ ಸಮ ಗುಂಯ್‌ಗುಡುತ್ತಿತ್ತು,
ಯಾರೂ ಎಳೆ ಕೊಡದೆ ಬಿಟ್ಟ ಚರಕದ ಹಾಗೆ.

ಡಿಲೀಟ್ ಒತ್ತಿ ಬಯೋಸಿನೊಳಕ್ಕೆ ಹೋದೆ.
ಅಲ್ಲಿನ ಗಡಿಯಾರದಲ್ಲಿ
ಜನವರಿ ಒಂದು, ಎರಡು ಸಾವಿರದ ಒಂಬತ್ತು,
ಮಧ್ಯರಾತ್ರಿ ಕಳೆದು ಏಳು ನಿಮಿಷ.

ಓಹೋ.

ಬೋರ್ಡಿನ ಮೂಲೆಯ ನಾಣ್ಯದಂಥ ಸೆಲ್ಲು ತೀರಿ
ಕಲಿಸಿದ್ದೆಲ್ಲ ಅದಕ್ಕೆ ಮರೆತುಹೋಗಿದೆ.
ಹುಟ್ಟಿದ ದಿನಕ್ಕೆ ವಾಪಸು ಹೋಗಿ ಕೂತು
ಡಿಸ್ಕನ್ನು ಹಳೇ ಹೆಸರಿಂದ ಕರೆಯುತ್ತಿದೆ: ಐಡಿಇ, ಐಡಿಇ.
ಒಳಗಿನದೋ, ಎಎಚ್‌ಸಿಐ ಅಂದರೆ ಮಾತ್ರ ಓಗೊಡುವಂಥದ್ದು.
ಲೆಕ್ಕವೆಲ್ಲ ಇದ್ದಲ್ಲೇ ಇದೆ.
ಕೇಳುವ ಬಗೆ ತಪ್ಪಿದೆ, ಅಷ್ಟೆ.

ಅಬ್ಬಾ ಬೇಸಿನ್ನಿನ ಮುಂದೆ ಕೂತಾಗ
ಕೆಲವು ದಿನ ತುದಿಯೇ ಸಿಕ್ಕುತ್ತಿರಲಿಲ್ಲ.
ಹೊಸ ಹುಡುಗರು ಗೂಡನ್ನು ಬೈದು ಪಕ್ಕಕ್ಕೆಸೆಯೋರು.
ಅಬ್ಬಾ ಬೆರಳದ್ದಿ ನೋಡೋರು:
"ಗೂಡು ಕೆಟ್ಟಿಲ್ಲ, ನೀರು ಆರಿದೆ,"
ಒಲೆಗೆ ಇನ್ನೆರಡು ಸೌದೆ.
ಆ ಬೆರಳು ಬೆಂದು ಬೆಂದು ಗೆರೆಗಳೇ ಉಳಿಯದೆ
ರೇಷನ್ ಅಂಗಡಿಯ ಯಂತ್ರ ಎರಡು ತಿಂಗಳು
ಅವರನ್ನು ಯಾರೋ ಅಂದುಕೊಂಡಿತ್ತು.
ಒತ್ತಿದರು, ಒರೆಸಿ ಒತ್ತಿದರು, ಎಡಗೈಯನ್ನೂ ಒತ್ತಿದರು.
ಕೊನೆಗೆ ಅದಕ್ಕೆ ಬಾಗಿ, ಮೆಲ್ಲಗೆ,
"ನಾನೇ ಕಣಪ್ಪಾ."

ಪಟ್ಟಿಯಲ್ಲಿ ಮೂರು ಆಯ್ಕೆ.
ಮೂರನೆಯದು ರೇಡ್. ಚಿಂತಾಮಣಿಯವನು ಅದನ್ನೂ ಮುಟ್ಟಿದ್ದನಂತೆ.
ಎಲ್ಲ ಅಳಿಸಲೇ, ವೈ ಅಥವಾ ಎನ್, ಅಂತ ಪರದೆ ಕೇಳಿದ್ದೇ
ಗಂಗುಲಪ್ಪ ಪ್ಲಗ್ಗು ಕಿತ್ತಿದ್ದರು.
ಇಂಗ್ಲಿಷು ಬಾರದು; ಆದರೆ ಹೀಗೆ ಎರಡೇ ಅಕ್ಷರ ಮುಂದಿಟ್ಟು
ಬೇಗ ಹೇಳಿ ಅನ್ನುವವರನ್ನು ಬ್ಯಾಂಕಿನಲ್ಲಿ ಕಂಡಿದ್ದಾರೆ.
ಪ್ಲಗ್ಗು ಕಿತ್ತದ್ದೇ ಅದನ್ನೂ ಮರೆತಿತ್ತು ಬೋರ್ಡು.
ಮರೆವೇ ಕಾಪಾಡಿತ್ತು ಆವತ್ತು.

ಉಗುರಿನಲ್ಲಿ ಹಳೇ ಸೆಲ್ಲು ಎಬ್ಬಿಸಿದೆ, ಹೊಸದು ಕೂರಿಸಿದೆ.
ಬಾಣದ ಗುಂಡಿ ಒಂದು ಸಲ ಕೆಳಕ್ಕೆ.
ಎಎಚ್‌ಸಿಐ. ಎಫ್ ಹತ್ತು.

ನಾಲ್ಕು ಬಣ್ಣ ಮೂಡಿದವು, ಕೂಡಿದವು, ನಿಂತವು.
ಗಂಗುಲಪ್ಪ ಖುಷಿಪಡಲಿಲ್ಲ.
ಕನ್ನಡಕ ಹುಡುಕಿದರು.
ಬಾಬಾಜಾನಿನ ಸಾಲು ಸಿಕ್ಕುವ ತನಕ ಉಸಿರು ಬಿಡಲಿಲ್ಲ.
"ಐತೆ," ಅಂದರು. ಮತ್ತೊಂದು ಸಲ, "ಐತೆ ಕಣಮ್ಮಾ."

ತಾರೀಕು ಸರಿಮಾಡಲೇ ಅಂದೆ.
"ಇರು, ಎರಡು ನಿಮಿಷ ಇರಲಿ ಅದು.
ಒಂಬತ್ತರಲ್ಲಿ ನನ್ನ ಮೊಣಕಾಲು ನೋಯ್ತಿರಲಿಲ್ಲ.
ಬಾಬಾಜಾನೂ ನಾನೂ ಒಂದೇ ಟೀನ ಎರಡು ಲೋಟಕ್ಕೆ ಬಗ್ಗಿಸ್ಕೊತಿದ್ವಿ."

ಇಟ್ಟೆವು, ಎರಡು ನಿಮಿಷ.
ಕೆಳಗೆ ಯಾರದೋ ಗೂಡಿನ ಚೀಲ ತೂಕಕ್ಕೆ ಬಿದ್ದ ಸದ್ದು.

ನೂರೈವತ್ತು ಆಯ್ತು ಅಂದೆ. ನೂರಹತ್ತು ಎಣಿಸಿಟ್ಟರು.
"ನಲವತ್ತು ಬಾಕಿ, ಬರ್ಕೋ."

ಗೋಡೆಯ ಕ್ಯಾಲೆಂಡರಿನಲ್ಲಿ
ಇವತ್ತಿನ ಚೌಕ ಹುಡುಕಿ ಬರೆದೆ:
ಗಂಗುಲಪ್ಪ, ನಲವತ್ತು.